ಕಂಪನಿ ಕ್ಲಬ್: ಕಾರ್ಖಾನೆಯ ನೆರಳಿನ ಫುಟ್‌ಬಾಲ್

ಉದ್ದಿಮೆಯೊಂದರ ಹೆಸರಿನಲ್ಲೋ ಹಣದಲ್ಲೋ ನಡೆಯುವ ಆಟದ ತಂಡಕ್ಕೆ ಕಂಪನಿ ಕ್ಲಬ್ ಎನ್ನುವುದು ರೂಢಿ. ಈ ಒಂದು ಹೆಸರಿನಡಿ ಮೂರು ಬೇರೆ ಬೇರೆ ಏರ್ಪಾಡುಗಳಿವೆ. ಮೊದಲನೆಯದರಲ್ಲಿ ಆಟಗಾರ ಕಾರ್ಖಾನೆಯ ನೌಕರ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿರುತ್ತದೆ, ಕಾಲಿನ ಕಸುವು ಹೋದ ಮೇಲೂ ಸಂಬಳ ನಿಲ್ಲುವುದಿಲ್ಲ. ಎರಡನೆಯದರಲ್ಲಿ ಕ್ಲಬ್ ಮೊದಲೇ ಇರುತ್ತದೆ, ಕಂಪನಿ ದುಡ್ಡು ಕೊಟ್ಟು ಅಂಗಿಯ ಮೇಲೆ ತನ್ನ ಹೆಸರು ಬರೆಸುತ್ತದೆ. ಮೂರನೆಯದರಲ್ಲಿ ಕ್ಲಬ್ಬೇ ಕಂಪನಿಯ ಸ್ವತ್ತು. ಆಟಗಾರ ಕರಾರಿನ ಮೇಲೆ ಬರುತ್ತಾನೆ, ಕರಾರು ಮುಗಿದರೆ ಹೋಗುತ್ತಾನೆ. ಪತ್ರಿಕೆಗಳು ಈ ಮೂರನ್ನೂ ‘ಪ್ರಾಯೋಜಕತ್ವ’ ಎಂಬ ಒಂದೇ ಚೀಲಕ್ಕೆ ತುಂಬುತ್ತವೆ. ಆದ್ದರಿಂದ ಒಂದು ಕ್ಲಬ್ ಎದ್ದು ಇನ್ನೊಂದು ಮುಚ್ಚಿದಾಗ ಕಾರಣವನ್ನು ಹಣದ ಮೊತ್ತದಲ್ಲೇ ಹುಡುಕುವುದು ಅಭ್ಯಾಸವಾಗಿದೆ. ಎಷ್ಟು ಹಣ ಬಂತು ಎಂಬುದಕ್ಕಿಂತ, ಆಟ ನಿಂತರೆ ನಷ್ಟ ಯಾರಿಗೆ ಎಂಬುದೇ ಕ್ಲಬ್ಬಿನ ಆಯಸ್ಸನ್ನು ನಿರ್ಧರಿಸಿದೆ ಎಂಬುದು ಈ ಲೇಖನದ ವಾದ. ಅದಕ್ಕೆ ಸಾಕ್ಷ್ಯ ಬೆಂಗಳೂರಿನ ಫುಟ್‌ಬಾಲ್ ಚರಿತ್ರೆಯಲ್ಲಿ ಧಾರಾಳವಾಗಿದೆ. ಫುಟ್‌ಬಾಲ್ ಕ್ಲಬ್ಬಿಗೆ ಹೆಸರಾಗದ, ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಅದಕ್ಕಿಂತ ಹಳೆಯ ಸಾಕ್ಷ್ಯವೂ ಇದೆ.

ಕಂಪನಿ ಕ್ಲಬ್ಬಿಗೆ ಅಚ್ಚುಕಟ್ಟಾದ ಮಾದರಿ ಬೇಕಿದ್ದರೆ ಜಾರ್ಜಿಯಾ ದೇಶದ ಜೆಸ್ಟಪೋನಿಯತ್ತ ನೋಡಬೇಕು. ಚಿಯಾತುರಾ ಗಣಿಗಳ ಮ್ಯಾಂಗನೀಸ್ ಅದಿರನ್ನು ಕರಗಿಸಿ ಉಕ್ಕಿಗೆ ಬೇಕಾದ ಮಿಶ್ರಲೋಹ ಮಾಡುವ ಕಾರ್ಖಾನೆ ಅಲ್ಲಿ 1933ರಿಂದ ಇದೆ. ಆ ಊರಿನ ಹೆಸರಲ್ಲಿ 2004ರಲ್ಲಿ ಹುಟ್ಟಿದ ಎಫ್‌ಸಿ ಜೆಸ್ಟಫೋನಿಯನ್ನು ಮಿಶ್ರಲೋಹ ಉದ್ಯಮದ ಹಣ ಪೋಷಿಸಿತು. 2008ರಲ್ಲಿ ದೇಶದ ಕಪ್, 2011 ಮತ್ತು 2012ರಲ್ಲಿ ಬೆನ್ನುಬೆನ್ನಿಗೆ ಲೀಗ್ ಪ್ರಶಸ್ತಿ ಬಂದವು. ರಾಜಧಾನಿ ಟಿಬಿಲಿಸಿಯ ದೊಡ್ಡ ಕ್ಲಬ್ಬುಗಳನ್ನು ಸಣ್ಣ ಕಾರ್ಖಾನೆ ಊರು ಹಿಂದೆ ಹಾಕಿತು. ಅದಾಗಿ ಕೆಲವೇ ವರ್ಷಗಳಲ್ಲಿ ಆ ಕ್ಲಬ್ ಮೇಲ್ದರ್ಜೆಯ ಲೀಗ್‌ನಿಂದಲೇ ಮಾಯವಾಯಿತು. ಅದೇ ದೇಶದ ಡೈನಮೋ ಟಿಬಿಲಿಸಿ ಸೋವಿಯತ್ ಕಾಲದಲ್ಲಿ ಪೊಲೀಸ್ ಇಲಾಖೆಯ ಕ್ರೀಡಾ ಸಂಘದ ತಂಡವಾಗಿತ್ತು. 1981ರ ಮೇ 13ರಂದು ಡ್ಯೂಸೆಲ್ಡಾರ್ಫ್‌ನಲ್ಲಿ ಅದು ಯುರೋಪಿನ ಕಪ್ ವಿನ್ನರ್ಸ್ ಕಪ್ ಗೆದ್ದಾಗ ಎದುರಿಗಿದ್ದದ್ದು ಕಾರ್ಲ್ ಜೈಸ್ ಯೇನಾ, ಅಂದರೆ ಮಸೂರ ಮತ್ತು ಸೂಕ್ಷ್ಮದರ್ಶಕ ಮಾಡುವ ಕಾರ್ಖಾನೆಯ ನೌಕರರು ಕಟ್ಟಿದ ತಂಡ. ಸೋವಿಯತ್ ಒಕ್ಕೂಟ ಹೋಯಿತು, ಪೂರ್ವ ಜರ್ಮನಿ ಹೋಯಿತು. ಈ ಎರಡು ಕ್ಲಬ್ಬುಗಳು ಮಾತ್ರ ಇನ್ನೂ ಇವೆ. ಪೋಷಕ ಹೋದರೂ ಕೆಲವು ತಂಡಗಳು ಬದುಕುವುದು, ಇನ್ನು ಕೆಲವು ಪೋಷಕನ ಜೊತೆಗೇ ಹೋಗುವುದು ಏಕೆ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಂದ.

ಆರಂಭದಲ್ಲಿ ಹೇಳಿದ, ಕೃಷ್ಣಾ, ಘಟಪ್ರಭಾ ನಡುವಿನ ನಾಲ್ಕು ಊರುಗಳ ಸೀಮೆಯಲ್ಲಿ ಇದಕ್ಕೆ ಉತ್ತರ ಹುಡುಕಬಹುದು; ಅಲ್ಲಿಗೆ ಪೋಷಣೆ ಹೊಸದಲ್ಲ. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳುತ್ತಿದ್ದ ಕಾಲಕ್ಕೆ ಆಟವೆಂದರೆ ಕುಸ್ತಿ. ಕೊಲ್ಲಾಪುರದ ಶಾಹೂ ಮಹಾರಾಜರು 1912ರಲ್ಲಿ ಖಾಸಬಾಗ್ ಮೈದಾನ ಕಟ್ಟಿಸಿದ್ದರು. ಸಾಂಗ್ಲಿ, ಮೀರಜ್ ಕಡೆಯ ಸಂಸ್ಥಾನಗಳಲ್ಲೆಲ್ಲ ತಾಲೀಮುಗಳಿಗೆ ಮರ್ಯಾದೆಯಿತ್ತು. ಆ ಗಾಳಿ ಕೃಷ್ಣೆ ದಾಟಿ ಈಚೆಗೂ ಬೀಸಿತು. ಪೈಲ್ವಾನನಿಗೆ ಖುರಾಕು, ಉಸ್ತಾದನಿಗೆ ಮಾನ, ಗೆದ್ದವನಿಗೆ ಬೆಳ್ಳಿ ಕಡಗ ಕೊಡುವುದು ದೊರೆತನದ ಲಕ್ಷಣವೆನಿಸಿತ್ತು. 1948ರ ಮಾರ್ಚ್ 8ರಂದು ಜಮಖಂಡಿ, ಮುಧೋಳ ಎರಡೂ ಸಂಸ್ಥಾನಗಳು ಮುಂಬೈ ಪ್ರಾಂತದಲ್ಲಿ ವಿಲೀನಗೊಂಡವು, 1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಪೋಷಕ ಹೋದಾಗ ಆಟವೂ ಹೋಗುತ್ತದೆ ಎಂಬುದೇ ನಿಯಮವಾಗಿದ್ದರೆ ಕುಸ್ತಿ ಅಂದೇ ಮುಗಿಯಬೇಕಿತ್ತು. ಆದರೆ ಜಾತ್ರೆಯ ಪಂಚ ಕಮಿಟಿಗಳು ಆ ಹೊರೆಯನ್ನು ಹೊತ್ತವು. ತೇರು ಎಳೆದ ಮರುದಿನ ಜಂಗೀ ನಿಕಾಲಿ ಕುಸ್ತಿ ಇಡದಿದ್ದರೆ ಊರ ಮಾನ ಹೋದೀತು ಎಂದು ಮನೆಮನೆಯ ವಂತಿಗೆ ಎತ್ತಿದರು. ದೊರೆಗೆ ಕುಸ್ತಿ ಭೂಷಣವಾಗಿತ್ತು, ಊರಿಗೆ ಜಾತ್ರೆಯ ಅಂಗವಾಗಿತ್ತು. ಭೂಷಣ ಕಳಚಿಟ್ಟರೂ ನಡೆಯುತ್ತದೆ, ಅಂಗ ಹಾಗಲ್ಲ.

ಮುಧೋಳ ನಾಯಿಯ ಕತೆಯೂ ಇದೇ ಜಾಡಿನದು. (ಹೋಲಿಕೆಗೆ ಪೈಲ್ವಾನರು ಮುನಿಯಬಾರದು.) ಮಾಲೋಜಿರಾವ್ ಘೋರ್ಪಡೆಯವರು ಈ ಬೇಟೆನಾಯಿಯ ತಳಿಯನ್ನು ಅರಮನೆಯಲ್ಲಿ ಸಾಕಿ, ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟು ಹೆಸರು ತಂದರು. ಅರಮನೆಯ ಆಶ್ರಯ ತಪ್ಪಿದ ಮೇಲೆ ಅದನ್ನು ಉಳಿಸಿದವರು ಸುತ್ತಲಿನ ಹಳ್ಳಿಗಳ ಸಾಮಾನ್ಯ ಮನೆತನಗಳವರು. ಮರಿ ಮಾರಿ ನಾಲ್ಕು ಕಾಸು ಕಾಣುತ್ತಿದ್ದ ಅವರಿಗೆ ತಳಿ ಕೆಟ್ಟರೆ ಸೀದಾ ಹೊಟ್ಟೆಗೆ ಏಟು. 2005ರಲ್ಲಿ ಅಂಚೆಚೀಟಿ ಬಂದದ್ದು, ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರ ಆದದ್ದು, ಸೇನೆ ಕರೆಸಿಕೊಂಡದ್ದು ಎಲ್ಲ ಆಮೇಲಿನ ಮಾತು.

ಇಷ್ಟು ಪೋಷಣೆ ಕಂಡ ಸೀಮೆಯಲ್ಲಿ ಫುಟ್‌ಬಾಲ್ ಏಕೆ ಬೇರೂರಲಿಲ್ಲ? ಕರ್ನಾಟಕದಲ್ಲಿ ಈ ಆಟ ಹೆಚ್ಚಾಗಿ ಹರಡಿದ್ದು ದಂಡು, ರೈಲು, ಮಿಶನರಿ ಶಾಲೆ ಮತ್ತು ದೊಡ್ಡ ಕಾರ್ಖಾನೆಗಳ ದಾರಿಯಲ್ಲಿ. ಬೆಂಗಳೂರಿಗೆ ಈ ನಾಲ್ಕೂ ಇದ್ದವು. ಬೆಳಗಾವಿಗೆ ದಂಡು ಇತ್ತು, ಅಲ್ಲಿ ಇಂದಿಗೂ ಫುಟ್‌ಬಾಲ್ ಇದೆ. ಜಮಖಂಡಿ, ಮುಧೋಳಗಳು ಬ್ರಿಟಿಷ್ ದಂಡಿಲ್ಲದ ಸಂಸ್ಥಾನಗಳು, ರೈಲಿನ ದಾರಿಯನ್ನು ತಲೆಮಾರುಗಳಿಂದ ಕಾಯುತ್ತ ಬಂದ ಊರುಗಳು. ರಬಕವಿ-ಬನಹಟ್ಟಿಯಲ್ಲಿ ಕೈಗಳು ಸಾವಿರಾರಿದ್ದವು, ಆದರೆ ಮಗ್ಗಗಳು ಮನೆಮನೆಯಲ್ಲಿದ್ದವು. ಒಂದೇ ಗೇಟಿನೊಳಗೆ ಸಾವಿರ ಜನ ಪಾಳಿಯಲ್ಲಿ ದುಡಿಯುವ ಗಿರಣಿ ಇದ್ದಲ್ಲಿ ಹನ್ನೊಂದು ಜನರ ತಂಡ ತಾನಾಗಿ ಕೂಡುತ್ತದೆ. ಮನೆಯ ಪಡಸಾಲೆಯಲ್ಲಿ ಗುಣಿಯೊಳಗೆ ಕಾಲಿಟ್ಟು ಕೂತ ನೇಕಾರನಿಗೆ ಸಂಜೆ ಐದರ ಸೈರನ್ನೂ ಇಲ್ಲ, ಗಿರಣಿಯ ಮೈದಾನವೂ ಇಲ್ಲ. ಆಸಕ್ತಿಯ ಕೊರತೆ ಎಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಸೈಕಲ್ ಏರಿದ ಕೂಡಲೆ ಇದೇ ಬಾಗಲಕೋಟೆ-ವಿಜಯಪುರ ಸೀಮೆಯ ಹುಡುಗ ಹುಡುಗಿಯರು ರಾಜ್ಯದ ಸೈಕ್ಲಿಂಗ್ ಪದಕಗಳನ್ನು ಬಾಚಿಕೊಳ್ಳುತ್ತಾರೆ. ಒಬ್ಬರೇ ಅಭ್ಯಾಸ ಮಾಡಬಹುದಾದ ಆಟಗಳು ಇಲ್ಲಿ ಬೆಳೆದವು. ಹನ್ನೊಂದು ಜನ ಒಂದೇ ಹೊತ್ತಿಗೆ ಬಿಡುವಾಗಬೇಕಾದ ಆಟ ಬೆಳೆಯಲಿಲ್ಲ.

ಬೆಂಗಳೂರಿನ ಕತೆ ಕಂಪನಿಗಳಿಂದ ಶುರುವಾಗುವುದಿಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಯ ರೋವರ್ಸ್ ಕಪ್ ಗೆದ್ದಿತು. ಅಲ್ಲಿಯವರೆಗೆ ಬ್ರಿಟಿಷ್ ಪಲ್ಟನ್ನುಗಳ ಪಾಲಾಗಿದ್ದ ಆ ಕಪ್ ಮೊದಲ ಬಾರಿ ಭಾರತೀಯ ತಂಡವೊಂದರ ಕೈಗೆ ಬಂತು, ಮರುವರ್ಷವೂ ಅಲ್ಲೇ ಉಳಿಯಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ 1-2ರಿಂದ ಸೋತ ಪಂದ್ಯದಲ್ಲಿ ಭಾರತದ ಪರ ಗೋಲು ಹೊಡೆದವರು ಬೆಂಗಳೂರಿನ ಎಸ್. ರಾಮನ್. ಭಾರತಕ್ಕೆ ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಅದೇ ಮೊದಲ ಗೋಲು. ಅದೇ ತಂಡದ ಅಹ್ಮದ್ ಖಾನ್ ಕೂಡ ಬೆಂಗಳೂರಿನವರೇ. ಇಬ್ಬರೂ ಹೆಸರು ಮಾಡಿದ್ದು ಕೋಲ್ಕತ್ತಾದಲ್ಲಿ, ರಾಮನ್ ಮೋಹನ್ ಬಾಗಾನ್‌ನಲ್ಲಿ, ಅಹ್ಮದ್ ಖಾನ್ ಈಸ್ಟ್ ಬೆಂಗಾಲ್‌ನಲ್ಲಿ. ಬೆಂಗಳೂರಿನ ಗಲ್ಲಿಗಳು ಆಟಗಾರರನ್ನು ಹುಟ್ಟಿಸುತ್ತಿದ್ದವು, ಅವರನ್ನು ಊರಲ್ಲೇ ಸಾಕುವ ಏರ್ಪಾಡು ಇರಲಿಲ್ಲ.

ಆ ಏರ್ಪಾಡನ್ನು ತಂದದ್ದು ಸಾರ್ವಜನಿಕ ಉದ್ದಿಮೆಗಳು. ವಾಲಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ 1940ರಲ್ಲಿ ಆರಂಭಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಮುಂದೆ ಸರ್ಕಾರದ ಎಚ್‌ಎಎಲ್ ಆಯಿತು. 1948ರಲ್ಲಿ ಐಟಿಐ, ಆಮೇಲೆ ಬಿಇಎಂಎಲ್ ಬಂದವು. ಎಲ್‌ಆರ್‌ಡಿಇಯಂಥ ರಕ್ಷಣಾ ಪ್ರಯೋಗಾಲಯಗಳು, ಸೇನೆಯ ಎಂಇಜಿ ಮತ್ತು ಎಎಸ್‌ಸಿ ಕೇಂದ್ರಗಳೂ ತಂಡ ಕಟ್ಟಿದವು. ಬೆಂಗಳೂರು ಲೀಗ್‌ನ ಪಟ್ಟಿ ಒಂದು ಕಾಲಕ್ಕೆ ಫುಟ್‌ಬಾಲ್ ಪಟ್ಟಿಯೋ ಕಾರ್ಖಾನೆಗಳ ಪಟ್ಟಿಯೋ ಎಂದು ಅನುಮಾನ ಹುಟ್ಟಿಸುವಂತಿತ್ತು. ಕ್ರೀಡಾ ಕೋಟಾದಲ್ಲಿ ಸೇರಿದ ಹುಡುಗ ಬೆಳಿಗ್ಗೆ ಅಭ್ಯಾಸ, ಮಧ್ಯಾಹ್ನ ಡ್ಯೂಟಿ ಎನ್ನುವ ಲೆಕ್ಕದಲ್ಲಿ ಬದುಕುತ್ತಿದ್ದ. ಮೊಣಕಾಲು ಕೆಟ್ಟರೆ ಅಂಗಡಿ ಮುಚ್ಚಿದಂತಾಗುತ್ತಿರಲಿಲ್ಲ, ಪ್ರಾವಿಡೆಂಟ್ ಫಂಡ್ ಇತ್ತು, ಕ್ವಾರ್ಟರ್ಸ್ ಇತ್ತು, ಮಗಳ ಮದುವೆಗೆ ಸೊಸೈಟಿಯ ಸಾಲವಿತ್ತು. ಮೈಸೂರು ರಾಜ್ಯ 1967-68 ಮತ್ತು 1968-69ರಲ್ಲಿ ಸತತವಾಗಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದ ಕಾಲ ಇದೇ. ಕಂಪನಿ ಸಂಬಳ ಒಂದೇ ಇದಕ್ಕೆ ಕಾರಣ ಎನ್ನಲಾಗದು. ಆದರೆ ರಾಮನ್, ಅಹ್ಮದ್ ಖಾನ್ ತಲೆಮಾರು ಹಿಡಿದ ಕೋಲ್ಕತ್ತಾ ದಾರಿಯನ್ನು ಮುಂದಿನವರಲ್ಲಿ ಅನೇಕರು ಹಿಡಿಯದೆ ಉಳಿದದ್ದಕ್ಕೆ ಊರಲ್ಲೇ ಸಿಕ್ಕ ಕಾಯಂ ನೌಕರಿ ಒಂದು ಕಾರಣವಿರಲೇಬೇಕು.

ಈ ವ್ಯವಸ್ಥೆಯನ್ನು ಹೊಗಳುವವರಿಗೆ ಎದುರಾಗುವ ಮೊದಲ ಆಕ್ಷೇಪ ಎಚ್‌ಎಎಲ್‌ದೇ. ನೌಕರರ ತಂಡ ಅಷ್ಟು ಗಟ್ಟಿಯಾಗಿದ್ದರೆ ಅದು ಏಕೆ ಕುಸಿಯಿತು? 2010ರಲ್ಲಿ ಎರಡನೇ ದರ್ಜೆಯಿಂದ ಮೇಲೆದ್ದು ಐ-ಲೀಗ್‌ಗೆ ಬಂದ ಎಚ್‌ಎಎಲ್, ಬಹುಪಾಲು ತನ್ನ ನೌಕರರನ್ನೇ ಇಟ್ಟುಕೊಂಡು, ನೈಜೀರಿಯಾ-ಬ್ರೆಜಿಲ್‌ಗಳಿಂದ ಮುಂಪಡೆ ಆಟಗಾರರನ್ನು ತರುತ್ತಿದ್ದ ಕ್ಲಬ್ಬುಗಳ ಎದುರು ಎರಡು ಸೀಸನ್ ಆಡಿ 2012ರಲ್ಲಿ ಕೆಳಗಿಳಿಯಿತು. ಆಕ್ಷೇಪದಲ್ಲಿ ಹುರುಳಿದೆ. ಉದಾರೀಕರಣದ ನಂತರ ಸಾರ್ವಜನಿಕ ಉದ್ದಿಮೆಗಳಲ್ಲಿ ನೇಮಕಾತಿಯೇ ಬತ್ತಿದಾಗ ಕ್ರೀಡಾ ಕೋಟಾ ಮಾತ್ರ ತುಂಬಿ ಹರಿಯುವುದು ಸಾಧ್ಯವಿರಲಿಲ್ಲ. ಮೂವತ್ತು ದಾಟಿದ ನೌಕರ-ಆಟಗಾರನನ್ನು ತಂಡದಿಂದ ಕೈಬಿಡುವುದು ಮ್ಯಾನೇಜರನಿಗೆ ಸುಲಭವೂ ಇರಲಿಲ್ಲ. ಆಟದ ಮಟ್ಟ ಇದರಿಂದ ಇಳಿಯಿತು, ಒಪ್ಪಬೇಕು. ಆದರೆ ಕುಸಿದ ರೀತಿಯನ್ನು ಗಮನಿಸಬೇಕು. ಎಚ್‌ಎಎಲ್ ಲೀಗ್‌ನಿಂದ ಇಳಿದ ದಿನ ಆ ತಂಡದ ನೌಕರ-ಆಟಗಾರ ಬೀದಿಗೆ ಬೀಳಲಿಲ್ಲ, ಮರುದಿನ ಶಿಫ್ಟ್‌ಗೆ ಹೋದ. ಸುಮಾರು ಅದೇ ಹೊತ್ತಿಗೆ ಮುಚ್ಚಿದ ಖಾಸಗಿ ಕಂಪನಿಗಳ ತಂಡಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ಮಾತಿನ ತೂಕ ತಿಳಿಯುತ್ತದೆ. 1962ರಲ್ಲಿ ಆರಂಭವಾಗಿ 2005-06ರ ರಾಷ್ಟ್ರೀಯ ಲೀಗ್ ಗೆದ್ದಿದ್ದ ಮಹೀಂದ್ರ ಯುನೈಟೆಡ್ 2010ರಲ್ಲಿ ಮುಚ್ಚಿತು. ಪಂಜಾಬಿನ ಫಗವಾಡದ ಬಟ್ಟೆ ಗಿರಣಿಯ ತಂಡ ಜೆಸಿಟಿ, 1996-97ರಲ್ಲಿ ನಡೆದ ಮೊದಲ ರಾಷ್ಟ್ರೀಯ ಲೀಗ್‌ನ ಚಾಂಪಿಯನ್, 2011ರಲ್ಲಿ ಮುಚ್ಚಿತು. ಫುಟ್‌ಬಾಲ್‌ನಿಂದ ಸಿಗುವ ಪ್ರಚಾರ ಸಾಲದು ಎಂಬುದು ಆಗ ಕೇಳಿಬಂದ ಕಾರಣ. ಗಿರಣಿಯ ಲೆಕ್ಕಪತ್ರದ ಭಾಷೆಯಲ್ಲಿ ಆ ಕಾರಣ ಸರಿಯೇ. ಜಾಹೀರಾತಿನ ಖರ್ಚೆಂದು ಬರೆದದ್ದನ್ನು ಜಾಹೀರಾತಿನ ಅಳತೆಗೋಲಿನಿಂದಲೇ ಅಳೆಯುತ್ತಾರೆ.

ಅಂಗಿಯ ಮೇಲೆ ಹೆಸರು ಬರೆಸುವ ಎರಡನೆಯ ಏರ್ಪಾಡಿನಲ್ಲಿ ಬೆಂಗಳೂರಿನ ಪಾತ್ರ ವಿಚಿತ್ರವಾದದ್ದು. 1998ರಲ್ಲಿ ಬೆಂಗಳೂರು ಮೂಲದ ಮದ್ಯದ ಉದ್ದಿಮೆ ಯುಬಿ ಗ್ರೂಪ್ ಕೋಲ್ಕತ್ತಾದ ಎರಡೂ ಬದ್ಧವೈರಿ ಕ್ಲಬ್ಬುಗಳ ಕೈಹಿಡಿಯಿತು. ಒಂದು ಮೆಕ್‌ಡೊವೆಲ್ ಮೋಹನ್ ಬಾಗಾನ್ ಆಯಿತು, ಇನ್ನೊಂದು ಕಿಂಗ್‌ಫಿಷರ್ ಈಸ್ಟ್ ಬೆಂಗಾಲ್. ಮದ್ಯದ ಜಾಹೀರಾತಿಗೆ ಕಟ್ಟುಪಾಡು ಇರುವ ದೇಶದಲ್ಲಿ ಇದಕ್ಕಿಂತ ಜಾಣ ವ್ಯಾಪಾರ ಇರಲಾರದು: ಡರ್ಬಿಯಲ್ಲಿ ಯಾರೇ ಗೆದ್ದರೂ ಮರುದಿನದ ಪತ್ರಿಕೆಯಲ್ಲಿ ಬರುವುದು ಒಂದೇ ಮನೆಯ ಸರಕಿನ ಹೆಸರು. 2018ರಲ್ಲಿ ಈಸ್ಟ್ ಬೆಂಗಾಲ್‌ನ ಹೆಚ್ಚಿನ ಪಾಲು ಕೊಂಡ ಕ್ವೆಸ್ ಕಾರ್ಪ್ ಕೂಡ ಬೆಂಗಳೂರಿನದೇ. ಎರಡು ವರ್ಷಕ್ಕೆ ಅದು ಹೊರನಡೆಯಿತು, ಸಿಮೆಂಟ್ ಕಂಪನಿ ಬಂತು, ಅದೂ ಹೋಯಿತು, ಇನ್ನೊಂದು ಬಂತು. ಕ್ಲಬ್ ಉಳಿಯಿತು. 1920ರಿಂದ ಅದಕ್ಕೆ ಸದಸ್ಯರಿದ್ದಾರೆ, ದೇಶವಿಭಜನೆಯಲ್ಲಿ ಊರು ಬಿಟ್ಟು ಬಂದವರ ನೆನಪಿನ ನಂಟಿದೆ. ಮೋಹನ್ ಬಾಗಾನ್‌ನಲ್ಲಿ ಇದು ಇನ್ನೂ ಸ್ಪಷ್ಟ. 2020ರಲ್ಲಿ ಹೊಸ ಮಾಲೀಕರು ತಮ್ಮ ಹಳೆಯ ತಂಡದ ‘ಎಟಿಕೆ’ ಎಂಬ ಮೂರು ಅಕ್ಷರಗಳನ್ನು ಕ್ಲಬ್ಬಿನ ಹೆಸರಿಗೆ ಅಂಟಿಸಿದಾಗ ಅಭಿಮಾನಿಗಳು ಮೂರು ವರ್ಷ ಗಲಾಟೆ ಮಾಡಿ 2023ರಲ್ಲಿ ಅದನ್ನು ತೆಗೆಸಿಯೇ ಬಿಟ್ಟರು. ಕೋಲ್ಕತ್ತಾದ ಕ್ಲಬ್ ಆಡಳಿತಗಳು ಆದರ್ಶವೆಂದು ಯಾರೂ ಹೇಳಲಾರರು. ಜಗಳ, ಗುಂಪುಗಾರಿಕೆ, ಪ್ರತಿ ಬೇಸಿಗೆಯಲ್ಲೂ ಹೊಸ ಧಣಿಯ ಹುಡುಕಾಟ ಅಲ್ಲಿನ ನಿತ್ಯದ ಗೋಳು. ಹಾಗಿದ್ದೂ ಕ್ಲಬ್ ಮುಚ್ಚುವ ಮಾತನ್ನು ಅಲ್ಲಿ ಯಾವ ಪ್ರಾಯೋಜಕನೂ ಆಡಲಾರ, ಏಕೆಂದರೆ ಮುಚ್ಚುವ ಹಕ್ಕು ಅವನದಲ್ಲ.

ಮೂರನೆಯ ಬಗೆಗೆ ಕರ್ನಾಟಕ ಕೊಟ್ಟ ಮಾದರಿ ಬೆಂಗಳೂರು ಎಫ್‌ಸಿ. ಐ-ಲೀಗ್‌ಗೆ ಉದ್ದಿಮೆಗಳು ನೇರವಾಗಿ ಬರಬಹುದು ಎಂದು ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ ಬಾಗಿಲು ತೆರೆದಾಗ ಬಳ್ಳಾರಿಯ ತೋರಣಗಲ್ಲಿನಲ್ಲಿ ಉಕ್ಕು ಮಾಡುವ ಜೆಎಸ್‌ಡಬ್ಲ್ಯೂ ಸಮೂಹ ಒಳಬಂತು. 2013ರ ಜುಲೈನಲ್ಲಿ ಕ್ಲಬ್ ಘೋಷಣೆಯಾಯಿತು, ಸೆಪ್ಟೆಂಬರ್‌ನಲ್ಲಿ ಮೋಹನ್ ಬಾಗಾನ್ ಜೊತೆ 1-1ರ ಮೊದಲ ಪಂದ್ಯ, 2014ರ ಏಪ್ರಿಲ್‌ನಲ್ಲಿ ಗೋವಾದಲ್ಲಿ ಡೆಂಪೋ ತಂಡವನ್ನು 4-2ರಿಂದ ಮಣಿಸಿ ಚಾಂಪಿಯನ್. ಹುಟ್ಟಿದ ಒಂಬತ್ತು ತಿಂಗಳಿಗೆ ದೇಶದ ಪ್ರಶಸ್ತಿ. ಆಶ್ಲಿ ವೆಸ್ಟ್‌ವುಡ್ ತರಬೇತಿ, ಸುನಿಲ್ ಛೇತ್ರಿ ನಾಯಕತ್ವ, ಭಾರತೀಯ ಕ್ಲಬ್ಬುಗಳಿಗೆ ಅಪರೂಪವಾಗಿದ್ದ ಆಹಾರ-ವ್ಯಾಯಾಮದ ಶಿಸ್ತು ಇದರ ಹಿಂದಿದ್ದವು. 2015-16ರಲ್ಲಿ ಇನ್ನೊಮ್ಮೆ ಐ-ಲೀಗ್, ನಡುವೆ ಫೆಡರೇಶನ್ ಕಪ್. 2016ರ ನವೆಂಬರ್ 5ರಂದು ದೋಹಾದಲ್ಲಿ ಎಎಫ್‌ಸಿ ಕಪ್ ಫೈನಲ್ ಆಡಿದ ಮೊದಲ ಭಾರತೀಯ ಕ್ಲಬ್ ಎನಿಸಿತು. ಅಂದು 0-1ರಿಂದ ಸೋತದ್ದು ಇರಾಕಿನ ಅಲ್-ಕುವಾ ಅಲ್-ಜವಿಯಾ, ಅಂದರೆ ಅಲ್ಲಿನ ವಾಯುಪಡೆಯ ತಂಡಕ್ಕೆ. ವಿಮಾನ ಕಟ್ಟುವ ಊರಿನ ತಂಡ ವಿಮಾನ ಹಾರಿಸುವವರ ತಂಡಕ್ಕೆ ಸೋತಿತು ಎಂದು ಎಚ್‌ಎಎಲ್‌ನ ಹಳಬರು ನಕ್ಕಿರಲೂಬಹುದು. 2017ರಲ್ಲಿ ಇಂಡಿಯನ್ ಸೂಪರ್ ಲೀಗ್ ಸೇರಿ ಮೊದಲ ಸೀಸನ್ನಿನ ಫೈನಲ್‌ನಲ್ಲಿ ತವರಿನಲ್ಲೇ ಚೆನ್ನೈಯಿನ್‌ಗೆ ಸೋತರೂ, ಮರುವರ್ಷ ಮುಂಬೈಯಲ್ಲಿ ಗೋವಾ ವಿರುದ್ಧ ಹೆಚ್ಚುವರಿ ವೇಳೆಯಲ್ಲಿ ರಾಹುಲ್ ಭೇಕೆ ಹೊಡೆದ ಒಂದೇ ಗೋಲಿನಿಂದ ಕಪ್ ತಂದಿತು. 2022ರಲ್ಲಿ ಡ್ಯುರಾಂಡ್ ಕಪ್ ಕೂಡ ಬಂತು.

ಪ್ರಶಸ್ತಿಗಳಿಗಿಂತ ಹೆಚ್ಚಿನದೊಂದು ಈ ಕ್ಲಬ್‌ನಿಂದ ಆಯಿತು. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದ ಪಶ್ಚಿಮದ ಕಟ್ಟೆಯಲ್ಲಿ ನಿಂತು ಕೂಗುತ್ತಿದ್ದ ಹುಡುಗರು ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಬಳಗ ಕಟ್ಟಿಕೊಂಡರು. ತಂಡ ಕಂಠೀರವ ಕ್ರೀಡಾಂಗಣಕ್ಕೆ ಹೋದಾಗ ತಮ್ಮ ದಿಕ್ಕನ್ನೂ ಹಾಡನ್ನೂ ಹೊತ್ತುಕೊಂಡೇ ಹೋದರು. ಕಂಪನಿ ಹುಟ್ಟಿಸಿದ ಕ್ಲಬ್ಬಿಗೆ ಊರು ಒಲಿಯದು ಎಂಬ ಹಳೆಯ ನಂಬಿಕೆ ಇಲ್ಲಿ ಸುಳ್ಳಾಯಿತು. ಕ್ಲಬ್ಬಿಗೆ ಉಕ್ಕಿನ ಹೆಸರಿಡದೆ ಊರಿನ ಹೆಸರಿಟ್ಟದ್ದೂ ಕಂಪನಿಯ ಜಾಣತನ. ತೋರಣಗಲ್ಲಿನ ವಿಜಯನಗರ ಟೌನ್‌ಶಿಪ್‌ನಲ್ಲಿ ಕ್ಲಬ್ಬಿನ ವಸತಿ ಅಕಾಡೆಮಿ ಬಂತು. ಅಲ್ಲೇ 2018ರ ಆಗಸ್ಟ್ 15ರಂದು ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಶುರುವಾಯಿತು. ಅದು ಕುಸ್ತಿಯನ್ನೂ ಕಲಿಸುತ್ತದೆ. ಈ ಲೆಕ್ಕದಲ್ಲಿ ಮೂರನೆಯ ಏರ್ಪಾಡೇ ಎಲ್ಲಕ್ಕಿಂತ ಮೇಲು ಎಂಬ ವಾದಕ್ಕೆ ಬಲ ಬರುತ್ತದೆ. ನೌಕರಿಯ ತಂಡ ಐವತ್ತು ವರ್ಷದಲ್ಲಿ ಮಾಡದ್ದನ್ನು ಈ ಕ್ಲಬ್ ಐದು ವರ್ಷದಲ್ಲಿ ಮಾಡಿತಲ್ಲ?

ಮಾಡಿತು. ಆದರೆ ಏಳಿಗೆಯ ವರ್ಷಗಳಲ್ಲಿ ಮೂರೂ ಏರ್ಪಾಡುಗಳು ಚೆನ್ನಾಗಿಯೇ ಕಾಣುತ್ತವೆ. ವ್ಯತ್ಯಾಸ ತಿಳಿಯುವುದು ಕೈ ಬಿಗಿಯಾದಾಗ. ಸೂಪರ್ ಲೀಗ್ ನಡೆಸುತ್ತಿದ್ದ ಸಂಸ್ಥೆಗೂ ಫೆಡರೇಶನ್‌ಗೂ ಇದ್ದ ಹದಿನೈದು ವರ್ಷದ ಹಕ್ಕಿನ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯುವುದಿತ್ತು. ಮುಂದಿನದು ಇತ್ಯರ್ಥವಾಗದೆ ಆ ಜುಲೈನಲ್ಲಿ ಲೀಗ್ ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಪ್ರಕಟಿಸಿತು. ಮಾಲೀಕರನ್ನು ದೂರುವುದು ಇಲ್ಲಿನ ಉದ್ದೇಶವಲ್ಲ. ಪಂದ್ಯವೇ ಇಲ್ಲದ ತಂಡಕ್ಕೆ ತಿಂಗಳು ತಿಂಗಳು ಕೋಟಿ ಸುರಿಯಿರಿ ಎಂದು ಯಾವ ಉದ್ದಿಮೆಗೂ ಹೇಳಲಾಗದು. ಹನ್ನೆರಡು ವರ್ಷ ಅವರು ಸುರಿದದ್ದೇ ದೊಡ್ಡದು. ಇಲ್ಲಿ ನೋಡಬೇಕಾದದ್ದು ಏರ್ಪಾಡಿನ ಸ್ವಭಾವವನ್ನು. ಲೀಗ್ ತಪ್ಪಿದ ಎಚ್‌ಎಎಲ್ ಆಟಗಾರನಿಗೆ ಸಂಬಳ ತಪ್ಪಲಿಲ್ಲ, ಲೀಗ್ ತಡವಾದ ಬೆಂಗಳೂರು ಎಫ್‌ಸಿ ಆಟಗಾರನಿಗೆ ತಪ್ಪಿತು. ವೆಸ್ಟ್ ಬ್ಲಾಕ್‌ನವರ ಒಲವು ಎಷ್ಟೇ ನಿಜವಾಗಿದ್ದರೂ ಅದಕ್ಕೆ ಮತವಿಲ್ಲ, ಶೇರಿಲ್ಲ. ಕ್ಲಬ್ ನಿಂತರೆ ಅವರಿಗೆ ಆಗುವ ನಷ್ಟ ಯಾರ ಪುಸ್ತಕದಲ್ಲೂ ನಮೂದಾಗುವುದಿಲ್ಲ.

ಯುರೋಪಿನ ಬಾಯರ್ ಲೆವರ್‌ಕೂಸನ್, ಪಿಎಸ್‌ವಿ ಐಂಡ್‌ಹೋವನ್ ಕ್ಲಬ್ಬುಗಳನ್ನು ತೋರಿಸಿ ಈ ವಾದವನ್ನು ಕೆಡವಬಹುದು. ಔಷಧಿ ಕಂಪನಿಯ ಲೆವರ್‌ಕೂಸನ್ 1904ರಿಂದ ಇದೆ, 2023-24ರಲ್ಲಿ ಒಂದೂ ಪಂದ್ಯ ಸೋಲದೆ ಜರ್ಮನಿಯ ಲೀಗ್ ಗೆದ್ದಿದೆ. ದೀಪದ ಕಂಪನಿ ಫಿಲಿಪ್ಸ್‌ನ ಪಿಎಸ್‌ವಿ 1913ರದು. ಕಂಪನಿ ಕ್ಲಬ್ಬುಗಳು ನೂರು ವರ್ಷ ಬಾಳಿವೆಯಲ್ಲ? ಬಾಳಿವೆ, ಆದರೆ ಎರಡೂ ಹುಟ್ಟಿದ್ದು ನೌಕರರ ತಂಡಗಳಾಗಿ. ಲೆವರ್‌ಕೂಸನ್‌ನಲ್ಲಿ ಕಾರ್ಖಾನೆಯ ಕೆಲಸಗಾರರೇ ಕಂಪನಿಗೆ ಪತ್ರ ಬರೆದು ಕ್ರೀಡಾ ಸಂಘ ಕೇಳಿದರು. ಕಾರ್ಖಾನೆ, ವಸತಿ, ಮೈದಾನ ಒಂದೇ ಬೇಲಿಯೊಳಗೆ ಬೆಳೆದು ತಲೆಮಾರುಗಳು ಕಳೆದವು. ಸದಸ್ಯರ ಕೈಯಲ್ಲೇ ಹೆಚ್ಚಿನ ಮತ ಇರಬೇಕೆಂಬ ಜರ್ಮನ್ ನಿಯಮದಿಂದ ಲೆವರ್‌ಕೂಸನ್‌ಗೆ ವಿನಾಯಿತಿ ಸಿಕ್ಕಿದ್ದೂ ಈ ದೀರ್ಘ ನಂಟನ್ನು ನೋಡಿಯೇ. ಹಾಗಾಗಿ ಈ ಉದಾಹರಣೆ ವಾದವನ್ನು ಕೆಡವುವ ಬದಲು ಒಂದು ಷರತ್ತನ್ನು ಸೇರಿಸುತ್ತದೆ: ಕಂಪನಿಯೂ ಊರೂ ಒಂದೇ ಆಗಿದ್ದಲ್ಲಿ ಕಂಪನಿ ಕ್ಲಬ್ಬಿಗೆ ಆಯಸ್ಸು ಹೆಚ್ಚು. ಜೆಸ್ಟಪೋನಿ ಈ ಷರತ್ತಿಗೆ ಸಿಕ್ಕಿಕೊಳ್ಳುವ ತೊಡಕಿನ ಪ್ರಕರಣ. ಊರೂ ಕಾರ್ಖಾನೆಯೂ ಅಲ್ಲಿ ಒಂದೇ, ಆದರೂ ಕ್ಲಬ್ ಉಳಿಯಲಿಲ್ಲ. ಆ ಹೊತ್ತಿಗೆ ಕಾರ್ಖಾನೆಯ ಒಡೆತನ ಊರನ್ನಲ್ಲ, ದೇಶವನ್ನೇ ದಾಟಿ ಅಮೆರಿಕದಲ್ಲಿ ಕಚೇರಿಯಿದ್ದ ಹಿಡುವಳಿ ಕಂಪನಿಯ ಕೈಸೇರಿತ್ತು ಎಂಬುದು ಉತ್ತರದ ಒಂದು ಭಾಗವಾದೀತು.

ಕಾರ್ಖಾನೆಯೂ ಊರೂ ಹೆಣೆದುಕೊಂಡ ಜಾಗ ಕರ್ನಾಟಕದಲ್ಲಿ ಎಲ್ಲಿದೆ ಎಂದರೆ ಕೈ ತಾನಾಗಿ ಜಮಖಂಡಿ-ಮುಧೋಳ ಸೀಮೆಯ ಕಡೆ ತೋರುತ್ತದೆ. ಬಾಗಲಕೋಟೆ ಜಿಲ್ಲೆಯಲ್ಲಿ ಹತ್ತಕ್ಕೂ ಹೆಚ್ಚು ಸಕ್ಕರೆ ಕಾರ್ಖಾನೆಗಳಿವೆ. ಸಮೀರವಾಡಿಯ ಗೋದಾವರಿ, ಮುಧೋಳದ ನಿರಾಣಿ, ತಿಮ್ಮಾಪುರದ ರನ್ನನ ಹೆಸರಿನ ರೈತರ ಸಹಕಾರಿ ಕಾರ್ಖಾನೆ, ಜಮಖಂಡಿ ತಾಲ್ಲೂಕಿನ ಹಿರೇಪಡಸಲಗಿ ಮತ್ತು ಸಿದ್ದಾಪುರದವು, ಬೀಳಗಿ ಕಡೆಯವು ಇದರಲ್ಲಿ ಸೇರುತ್ತವೆ. ಹಂಗಾಮು ಶುರುವಾದರೆ ರಸ್ತೆ, ಬ್ಯಾಂಕು, ಮದುವೆ ಮುಹೂರ್ತ ಎಲ್ಲವೂ ಕಬ್ಬಿನ ಲಯಕ್ಕೆ ಕುಣಿಯುತ್ತವೆ. 2013ರ ಕಂಪನಿ ಕಾಯ್ದೆಯ ಪ್ರಕಾರ ನಿರ್ದಿಷ್ಟ ಗಾತ್ರ ಮೀರಿದ ಕಂಪನಿಗಳು ಲಾಭದ ಶೇಕಡ 2ರಷ್ಟನ್ನು ಸಾಮಾಜಿಕ ಹೊಣೆಗೆ ಖರ್ಚು ಮಾಡಬೇಕು. ಗ್ರಾಮೀಣ ಮತ್ತು ಒಲಿಂಪಿಕ್ ಕ್ರೀಡೆಗಳ ತರಬೇತಿಯೂ ಆ ಪಟ್ಟಿಯಲ್ಲಿದೆ. ಹಾಗಾದರೆ ಇಲ್ಲಿಯ ಒಂದು ಕಾರ್ಖಾನೆ ಫುಟ್‌ಬಾಲ್ ತಂಡ ಕಟ್ಟಲಿ ಎನ್ನುವುದು ಸರಳ ಸಲಹೆ. ಅದು ಸರಳವಾಗಿರುವುದು ದೂರದಿಂದ ನೋಡುವವರಿಗೆ. ದರ ನಿಗದಿ, ಬಾಕಿ ಬಿಲ್ಲು ಎಂದು ರೈತರು ಪದೇ ಪದೇ ರಸ್ತೆಗಿಳಿಯುವಲ್ಲಿ ಕಾರ್ಖಾನೆಯ ಅಂಗಿ ತೊಟ್ಟ ಆಟಗಾರ ಮೈದಾನಕ್ಕಿಳಿದರೆ ಕಟ್ಟೆಯ ಮೇಲಿನವರು ಕೇಳುವ ಮೊದಲ ಪ್ರಶ್ನೆ ಸ್ಕೋರಿನದ್ದಾಗಿರುವುದಿಲ್ಲ.

ಫುಟ್‌ಬಾಲ್ ಕುಸ್ತಿಯಂತಲ್ಲ, ವಂತಿಗೆ ಎತ್ತಿ ನಡೆಸಲಾಗದು ಎಂಬುದು ಕೊನೆಯ ಆಕ್ಷೇಪ. ಒಬ್ಬ ಪೈಲ್ವಾನನಿಗೆ ಹಾಲು, ತುಪ್ಪ, ಬಾದಾಮಿ ಸಾಕು. ಲೀಗ್ ಆಡುವ ತಂಡಕ್ಕೆ ವಿಮಾನದ ಟಿಕೆಟ್, ವೈದ್ಯ, ಪರದೇಶದ ಕೋಚ್ ಬೇಕು. ಸೂಪರ್ ಲೀಗ್ ಮಟ್ಟಕ್ಕೆ ಈ ಆಕ್ಷೇಪ ಪೂರ್ತಿ ಸರಿ, ಆ ಎತ್ತರದಲ್ಲಿ ಉದ್ದಿಮೆಯ ಹಣಕ್ಕೆ ಬದಲಿಯಿಲ್ಲ. ಅದರ ಕೆಳಗಿನ ಮಟ್ಟದಲ್ಲಿ ಇದನ್ನು ಒಪ್ಪಬೇಕಿಲ್ಲ. ಊರವರು ಕೂಡಿ ಎಷ್ಟು ದೊಡ್ಡ ಕೆಲಸ ಮಾಡಬಲ್ಲರು ಎಂಬುದಕ್ಕೆ ಜಮಖಂಡಿ ತಾಲ್ಲೂಕಿನಲ್ಲಿ ಕಲ್ಲಿನಂಥ ಸಾಕ್ಷಿ ಇದೆ. ಕೃಷ್ಣೆಗೆ ಬ್ಯಾರೇಜು ಕಟ್ಟಿಕೊಡಿ ಎಂದು ಸರ್ಕಾರವನ್ನು ಕೇಳಿ ಸಾಕಾದ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ಹಣ ಹಾಕಿ, ತಾವೇ ಕಲ್ಲು ಹೊತ್ತು 1989ರಲ್ಲಿ ಚಿಕ್ಕಪಡಸಲಗಿಯ ಬಳಿ ಶ್ರಮಬಿಂದು ಸಾಗರ ಕಟ್ಟಿದರು. ಎರಡು ವರ್ಷದ ನಂತರ ಅದೇ ನ್ಯಾಮಗೌಡರು ಬಾಗಲಕೋಟೆ ಲೋಕಸಭಾ ಕ್ಷೇತ್ರದಲ್ಲಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿ ಕೇಂದ್ರದಲ್ಲಿ ಮಂತ್ರಿಯೂ ಆದರು. ಬ್ಯಾರೇಜು ಮತ್ತು ಫುಟ್‌ಬಾಲ್ ಬೇರೆ ಬೇರೆ ಎನ್ನುವುದು ನಿಜ. ನೀರು ಹೊಲಕ್ಕೆ ಬರುತ್ತದೆ, ಗೋಲು ಬರುವುದಿಲ್ಲ. ಆದರೆ ಅಂದು ಹಣ ಹಾಕಿದ ಪ್ರತಿಯೊಬ್ಬನಿಗೂ ಅದು ಒಡೆದರೆ ತನ್ನ ಬೆಳೆ ಒಣಗುತ್ತದೆ ಎಂದು ಗೊತ್ತಿತ್ತು. ಜಾತ್ರೆಯ ಕುಸ್ತಿಗೆ ವಂತಿಗೆ ಕೊಡುವವನ ಲೆಕ್ಕವೂ, ಎಟಿಕೆ ಎಂಬ ಮೂರು ಅಕ್ಷರ ಅಳಿಸಿದ ಕೋಲ್ಕತ್ತಾದವನ ಲೆಕ್ಕವೂ ಇದಕ್ಕೆ ದೂರದ್ದಲ್ಲ.

2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ಐವತ್ನಾಲ್ಕು ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಗೆದ್ದಿತು. ಸೂಪರ್ ಲೀಗ್‌ನ ತಾರೆಗಳು ಆಡುವ ಪಂದ್ಯಾವಳಿ ಅದಲ್ಲ. ಅಲ್ಲಿ ಕಾಣುವವರು ಬೆಂಗಳೂರು ಲೀಗ್‌ನ ಸಣ್ಣ ಕ್ಲಬ್ಬುಗಳ, ಅಕಾಡೆಮಿಗಳ, ಇಲಾಖೆ ತಂಡಗಳ ಹುಡುಗರು. 2025ರ ಆಗಸ್ಟ್‌ನಲ್ಲಿ ಸಂಬಳ ನಿಲ್ಲಿಸಿದ ಬೆಂಗಳೂರು ಎಫ್‌ಸಿಯ ಪ್ರಕಟಣೆಯಲ್ಲೂ ಒಂದು ವಾಕ್ಯ ಹೀಗಿತ್ತು: ಹುಡುಗರ, ಹುಡುಗಿಯರ ಕಿರಿಯ ತಂಡಗಳಿಗೂ ಮಕ್ಕಳ ಫುಟ್‌ಬಾಲ್ ಶಾಲೆಗಳಿಗೂ ಈ ತೀರ್ಮಾನ ತಟ್ಟುವುದಿಲ್ಲ. ಅದಕ್ಕೆ ಹದಿನೈದು ವರ್ಷ ಮೊದಲು ಮಹೀಂದ್ರ ಕೂಡ ತನ್ನ ತಂಡ ಮುಚ್ಚುವಾಗ ಶಾಲಾ ಫುಟ್‌ಬಾಲ್ ಕಡೆ ಗಮನ ಕೊಡುವುದಾಗಿ ಹೇಳಿತ್ತು.